ಯಂತ್ರ ಸುಸ್ಥಿತಿಯಲ್ಲಿದೆ, ಡ್ರೈವರ್ ಇಲ್ಲ



ಊರಿನಿಂದ ತಂದ ಹಳೆಯ ಪತ್ರ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಳಿಸಬಯಸುವ ನಾವು ಡ್ರೈವರಿನ ವಿಷಯವನ್ನು ಅರಿತಿರಬೇಕು. ಗಣಕಯಂತ್ರದ ಆಜ್ಞೆಯನ್ನು ಸ್ಕ್ಯಾನರಿಗೆ ತಿಳಿಯುವಂತೆ ಹೇಳುವ ದುಭಾಷಿ ಅದು. 32 ಬಿಟ್ ವಿಂಡೋಸಿಗೆಂದು ಬರೆದ ಡ್ರೈವರನ್ನು 64 ಬಿಟ್ ವಿಂಡೋಸ್ ಒಪ್ಪದು. 2007ರ ವಿಸ್ತಾ, 2009ರ ವಿಂಡೋಸ್ 7 ಇವುಗಳೊಡನೆ ಆ ಬದಲಾವಣೆ ಮನೆಮನೆಗೂ ಬಂದಾಗ, ತಯಾರಕರು ಹೊಸ ಡ್ರೈವರ್ ಬರೆದುಕೊಡದ ಸ್ಕ್ಯಾನರುಗಳು, ಗಾಜು ದೀಪಗಳೆಲ್ಲ ನೆಟ್ಟಗಿದ್ದರೂ, ಮೂಲೆ ಸೇರಿದವು. ಲಿನಕ್ಸಿನಲ್ಲಿ ಬಳಸುವ ಸೇನ್ ಯೋಜನೆಯ ಡ್ರೈವರುಗಳ ಮೂಲ ಕ್ರಮವಿಧಿ ಬಹಿರಂಗವಾಗಿದೆ. ತಯಾರಕರು ಕೈಬಿಟ್ಟ ಯಂತ್ರಕ್ಕೂ ಬಲ್ಲವರು ಅದನ್ನು ತಿದ್ದಿ ಉಳಿಸಬಹುದು. ಆದರೆ ತಯಾರಕರು ಯಂತ್ರದ ವಿವರಗಳನ್ನು ಬಚ್ಚಿಟ್ಟರೆ ಸ್ವಯಂಸೇವಕರು ತಡಕಾಡಿಯೇ ಬರೆಯಬೇಕು. ಕೆಲವು ಸ್ಕ್ಯಾನರುಗಳು ಅಲ್ಲಿಯೂ ನಡೆಯವು. ಯಾವುದು ಎಷ್ಟರಮಟ್ಟಿಗೆ ನಡೆಯುತ್ತದೆಂಬ ಪಟ್ಟಿಯನ್ನು ಸೇನ್ ಪ್ರಕಟಿಸುತ್ತದೆ. ಕೊಳ್ಳುವ ಮುನ್ನ ಅದನ್ನು ನೋಡೋಣ.