ಮುಗಿಲ ಮನೆಗೂ ಒಂದು ಜಗಲಿ



ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಹೋಗುವ ಭಕ್ತರು ನಡುಹಗಲಿನಲ್ಲಿ ಮೊದಲು ಅರಸುವುದು ಒಂದು ಜಗಲಿಯ ನೆರಳನ್ನು. ಯಳಂದೂರಿನ ಕಡೆಯ ಹಳೆಯ ತೊಟ್ಟಿಮನೆಗಳ ಗುಟ್ಟೂ ಅದೇ. ಬೀದಿಯ ಕಡೆಗೆ ಜಗಲಿ. ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಬಿಸಿಲು ಜಗಲಿಯಲ್ಲಿಯೇ ನಿಲ್ಲುವುದು, ಗಾಳಿ ಮಾತ್ರ ಒಳಹೊಗುವುದು. ಈ ಸಣ್ಣ ಊರುಗಳ ಮನೆಗಳಿಗೂ ಮುಗಿಲನ್ನು ಮುಟ್ಟುವ ಸೌಧಗಳಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ನಮ್ಮ ಸೀಮೆಯವರಲ್ಲದಿದ್ದರೂ ಅಂತಹ ಸಂಬಂಧವೊಂದನ್ನು ಕಟ್ಟಿ ತೋರಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ.

ಗೋವೆಯ ಮೂಲದ ಮನೆತನಕ್ಕೆ ಸೇರಿದ ಕೊರಿಯಾ ಅವರು 1930ರಲ್ಲಿ ಸಿಕಂದರಾಬಾದಿನಲ್ಲಿ ಜನಿಸಿದರು. ಮುಂಬಯಿಯಲ್ಲಿ ಓದಿ, ಅನಂತರ ಅಮೆರಿಕದಲ್ಲಿ ವಾಸ್ತುವಿದ್ಯೆಯನ್ನು ಅಭ್ಯಾಸಮಾಡಿ, 1958ರಲ್ಲಿ ಮುಂಬಯಿಯಲ್ಲಿ ಸ್ವತಂತ್ರವಾಗಿ ವೃತ್ತಿಯನ್ನಾರಂಭಿಸಿದರು. ಸಾಬರಮತಿಯ ಗಾಂಧೀ ಸ್ಮಾರಕ ಸಂಗ್ರಹಾಲಯವು ಅವರ ಮೊದಲ ಹೆಸರಾಂತ ಕೃತಿ. ಅಲ್ಲಿ ಹೆಂಚಿನ ಮಾಡಿನ ಸಣ್ಣ ಸಣ್ಣ ಮಂಟಪಗಳೂ ಅವುಗಳ ನಡುವೆ ಬಯಲೂ ಇರುವುವೇ ಹೊರತು ಎತ್ತರದ ಆಡಂಬರವಿಲ್ಲ.

ಎತ್ತರವು ಅವರನ್ನು ಎದುರುಗೊಂಡುದು ಮುಂಬಯಿಯ ಕಂಬಾಲಾ ಹಿಲ್‌ನಲ್ಲಿ. 1983ರಲ್ಲಿ ಮುಗಿದ ಕಾಂಚನಜುಂಗಾ ಎಂಬ ಆ ಸೌಧದ ಎತ್ತರ 84 ಮೀಟರು. ಅದರಲ್ಲಿ 32 ಮನೆಗಳು. ಮುಂಬಯಿಯಲ್ಲಿ ಒಂದು ಇಕ್ಕಟ್ಟುಂಟು. ತಂಗಾಳಿಯೂ ಕಡಲ ನೋಟವೂ ಪಡುವಣದಲ್ಲಿ. ಸಂಜೆಯ ಉರಿಬಿಸಿಲೂ ಮುಂಗಾರಿನ ಜಡಿಮಳೆಯೂ ಅದೇ ಪಡುವಣದಿಂದ. ಕಿಟಕಿ ತೆರೆದರೆ ಮಳೆ, ಮುಚ್ಚಿದರೆ ಸೆಕೆ. ಹಳೆಯ ಬಂಗಲೆಗಳನ್ನು ಕಟ್ಟಿದವರು ಕೊಠಡಿಗಳ ಸುತ್ತ ಮೊಗಸಾಲೆಯನ್ನಿರಿಸಿ ಇದಕ್ಕೆ ಪರಿಹಾರವನ್ನು ಕಂಡಿದ್ದರು. ಕೊರಿಯಾ ಆ ಮೊಗಸಾಲೆಯನ್ನೇ ಮುಗಿಲಿಗೆತ್ತಿದರು. ಸೌಧದ ಮೂಲೆಗಳನ್ನು ಕೊರೆದು ತೆಗೆದಂತೆ ಮಾಡಿ, ಮನೆಮನೆಗೂ ಎರಡು ಅಂತಸ್ತಿನಷ್ಟು ಎತ್ತರದ ತೋಟದ ಜಗಲಿಯನ್ನು ಕಲ್ಪಿಸಿದರು.

ಆದರೆ ಅದು ಸಿರಿವಂತರ ವಸತಿ. ಬಡವನಿಗೆ ಜಗಲಿ ಎಲ್ಲಿ? ಈ ಪ್ರಶ್ನೆಯನ್ನು ಕೊರಿಯಾ ಅವರೇ ಕೈಗೆತ್ತಿಕೊಂಡುದು ಅವರ ದೊಡ್ಡತನ. 1970ರಿಂದ 1975ರವರೆಗೆ ನವಮುಂಬಯಿಯ ಪ್ರಧಾನ ವಾಸ್ತುಶಿಲ್ಪಿಯಾಗಿದ್ದ ಅವರು, ಮುಂದೆ ಆ ನಗರದ ಬೇಲಾಪುರದಲ್ಲಿ, ಆರು ಹೆಕ್ಟೇರಿಗೂ ಕಡಿಮೆಯಾದ ನೆಲದಲ್ಲಿ ಸುಮಾರು 550 ಕುಟುಂಬಗಳಿಗೆ ತಗ್ಗಿನ ಮನೆಗಳನ್ನೇ ಯೋಜಿಸಿದರು. ಏಳು ಮನೆಗಳ ನಡುವೆ ಒಂದು ಅಂಗಳ. ಅಂತಹ ಮೂರು ಗುಂಪುಗಳ ನಡುವೆ ಮತ್ತೊಂದು ದೊಡ್ಡ ಅಂಗಳ. ಒಂದು ಮನೆಯ ಗೋಡೆ ಮತ್ತೊಂದಕ್ಕೆ ತಗುಲದು. ಆದುದರಿಂದ ಸಂಸಾರ ಬೆಳೆದಂತೆ ಮನೆಯನ್ನೂ ಬೆಳೆಸಿಕೊಳ್ಳಬಹುದು. ಬಹುಜನರು ನೆಲೆಸಬೇಕಾದರೆ ಮುಗಿಲಿಗೇರಲೇಬೇಕೆಂಬ ಮಾತು ಪೂರ್ಣಸತ್ಯವಲ್ಲವೆಂದು ಇದರಿಂದ ಸಿದ್ಧವಾಯಿತು.

ಬೆಂಗಳೂರಿನವರು ಅವರ ಕೈವಾಡವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ವಿಶ್ವೇಶ್ವರಯ್ಯ ಕೇಂದ್ರದ ಗೋಪುರಗಳು ಅವರ ರಚನೆಯೇ. 1984ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯು ಅವರಿಗೆ ಚಿನ್ನದ ಪದಕವನ್ನಿತ್ತಿತು. 2006ರಲ್ಲಿ ಪದ್ಮವಿಭೂಷಣವು ಸಂದಿತು. 2015ರ ಜೂನ್ 16ರಂದು ಅವರು ಮುಂಬಯಿಯಲ್ಲಿ ಕಾಲವಾದರು.

ಈಗ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿಯೂ ಹೆಂಚಿನ ಮಾಡುಗಳು ಇಳಿದು ತಾರಸಿಯ ಮನೆಗಳು ಏಳುತ್ತಿವೆ. ಏಳಲಿ, ಕಾಲವನ್ನು ತಡೆಯುವವರಾರು? ಆದರೆ ಬೀದಿಯಂಚಿನವರೆಗೂ ಗೋಡೆಯನ್ನು ತಂದು ನಿಲ್ಲಿಸಿ, ಒಳಗೆ ಸೆಕೆಯೆಂದು ಗಾಳಿಯಂತ್ರವನ್ನು ಕೊಳ್ಳುವುದು ಜಾಣತನವೆನಿಸದು. 84 ಮೀಟರಿನ ಸೌಧವನ್ನು ಕಟ್ಟುವವನಿಗೆ ಬೇಕಾದ ಜಗಲಿ, ಎರಡಂತಸ್ತಿನ ಮನೆಯನ್ನು ಕಟ್ಟುವ ನಮಗೆ ಬೇಡವಾಯಿತೆ? ಮನೆಯ ನಕ್ಷೆಯನ್ನು ಬರೆಯಿಸುವಾಗ ಈ ಒಂದು ಪ್ರಶ್ನೆಯನ್ನು ತಾವು ಕೇಳಿಕೊಂಡರೆ ಈ ಭಾಷಣವು ಸಾರ್ಥಕವಾದಂತೆ.