ಹರವಿಯಲ್ಲಿ ಮಲಗಿದ ಹಿರಿಯರು

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಹಬ್ಬದ ದಿನ ಸಾವಿನ ಮಾತೇಕೆ ಎಂದು ತಾವು ಕೇಳಬಹುದು. ನೂರು ವರ್ಷ ನಮ್ಮ ಶಾಲೆಗೆ ದೊಡ್ಡ ಕಾಲ. ಉದ್ದನಪಲ್ಲಿಯ ಸುತ್ತಿನ ಮಣ್ಣಿಗೆ ತೀರ ಚಿಕ್ಕದು. ಅಲ್ಲದೆ, ನನ್ನದೊಂದು ತಪ್ಪನ್ನು ತಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗನೊಬ್ಬ ಅಂಗೈಯಗಲದ ಮಡಕೆಚೂರನ್ನು ತಂದು ನನ್ನ ಮೇಜಿನ ಮೇಲಿಟ್ಟ. ಹೊರಮೈ ಕೆಂಪು, ಒಳಮೈ ಕಪ್ಪು. "ಹೊಲದಲ್ಲಿ ದೊಡ್ಡ ಹರವಿ ಸಿಕ್ಕಿದೆ ಟೀಚರ್, ಒಳಗೆ ಮೂಳೆ ಇದೆ" ಎಂದ. ಪರೀಕ್ಷೆಯ ದಿನಗಳು. "ಎಸೆದು ಕೈ ತೊಳೆದುಕೊಂಡು ಬಾ" ಎಂದೆ. ಮುಂದೆ ಮಕ್ಕಳನ್ನು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಾಗ ಅಂಥದೇ ಮಡಕೆಯನ್ನು ಕಂಡು ಎದೆ ಧಸಕ್ಕೆಂದಿತು. ಹಿಂದಿರುಗಿ ಹೊಲಕ್ಕೆ ಹೋದರೆ, ಜೆಸಿಬಿ ನೆಲವನ್ನು ಸಮಮಾಡಿ, ನಿವೇಶನದ ಕಲ್ಲು ನೆಟ್ಟಾಗಿತ್ತು.

ಆ ಹರವಿ ಏನಾಗಿದ್ದಿರಬಹುದು? ಬೃಹತ್ ಶಿಲಾಯುಗದ ಜನರು ಸತ್ತವರ ಮೂಳೆಗಳನ್ನು ಹರವಿಯಲ್ಲಿಟ್ಟು, ಜೊತೆಗೆ ಬಟ್ಟಲು, ಕಬ್ಬಿಣದ ಆಯುಧ, ಮಣಿಗಳನ್ನು ಇರಿಸಿ ಹೂಳುತ್ತಿದ್ದರು. ಮಡಕೆಯನ್ನು ಬಾಯಿ ಕೆಳಗಾಗಿ ಆವಿಗೆಯಲ್ಲಿಟ್ಟರೆ ಒಳಗೆ ಗಾಳಿಯಾಡದೆ ಕಪ್ಪಾಗುತ್ತದೆ, ಹೊರಮೈ ಕೆಂಪಾಗುತ್ತದೆ ಎಂದು ತಜ್ಞರು ವಿವರಿಸುತ್ತಾರೆ. ನಮ್ಮ ಜಿಲ್ಲೆಯ ಮಲ್ಲಚಂದ್ರಂ ಬೆಟ್ಟದ ಮೇಲೆ ಅದೇ ಯುಗದ ಕಲ್ಮನೆಗಳಿವೆ. ಪಾಂಡವರು ಕಟ್ಟಿದ್ದೆಂದು ಇಂಥವನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು, ಅವು ಗೋರಿಗಳು. ನಮ್ಮ ಜಿಲ್ಲೆಯದೇ ಆದ ಮಯಿಲಾಡುಂಪಾರೈಯ ಉತ್ಖನನದಿಂದ ಇಲ್ಲಿ ಕ್ರಿ.ಪೂ. 2172ರಷ್ಟು ಹಿಂದೆಯೇ ಕಬ್ಬಿಣದ ಬಳಕೆಯಿತ್ತೆಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆದಾಗ ಕಂಡದ್ದು ನನ್ನನ್ನು ಬಹಳ ಕಾಡಿದೆ. ಅಲ್ಲಿನ ಕಲ್ಗೋರಿಗಳಲ್ಲಿ ಪೂರ್ಣ ದೇಹಗಳಿರಲಿಲ್ಲ. ಹಲವರ ತಲೆಬುರುಡೆ, ಉದ್ದನೆಯ ಮೂಳೆಗಳು ಒಟ್ಟಿಗಿದ್ದವು. ದೇಹವನ್ನು ಮೊದಲು ಬೇರೆಡೆ ಇಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆರಿಸಿ ತರುತ್ತಿದ್ದರು. ಅದಕ್ಕಿಂತ ಹಿಂದಿನ ನವಶಿಲಾಯುಗದಲ್ಲಿ ಅಲ್ಲಿಯವರು ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂಳುತ್ತಿದ್ದರು, ಹಸುಳೆಗಳನ್ನು ಮಾತ್ರ ಮಡಕೆಯೊಳಗಿಟ್ಟು. ಮಡಕೆ ಅವರಿಗೆ ತಾಯ ಗರ್ಭವಾಗಿತ್ತೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಊಹೆ ನಿಜವೋ ಅಲ್ಲವೋ, ಆ ತಾಯಿಯ ಸಂಕಟ ನಮಗೆ ತಿಳಿಯದ್ದೇನಲ್ಲ. ಇಂದಿಗೂ ನಮ್ಮಲ್ಲಿ ಹಸುಳೆ ತೀರಿಕೊಂಡರೆ ಸುಡುವುದಿಲ್ಲ, ಹೂಳುತ್ತೇವೆ.

ತಮಿಳಿನ ಪುರನಾನೂರಿನ ಒಂದು ಪದ್ಯದಲ್ಲಿ ಗಂಡನನ್ನು ಕಳೆದುಕೊಂಡವಳು, ತನಗೂ ಎಡೆಯಿರುವಷ್ಟು ದೊಡ್ಡ ಹರವಿಯನ್ನು ಮಾಡಿಕೊಡೆಂದು ಕುಂಬಾರನನ್ನು ಬೇಡುತ್ತಾಳೆ. ತಾಮ್ರಪರ್ಣಿ ತೀರದ ಆದಿಚ್ಚನಲ್ಲೂರಿನ ನೆಲದಲ್ಲಿ ಅಂಥ ಹರವಿಗಳೇ ಸಾಲುಸಾಲಾಗಿ ದೊರೆತಿವೆ. ದೂರದ ಮಳೆಕಾಡಿನವರೂ ಇದನ್ನೇ ಮಾಡಿದರು: ಅಮೆಜಾನ್ ನದಿಮುಖದ ಮರಾಜೋ ದ್ವೀಪದವರು ಮನುಷ್ಯಮುಖವನ್ನು ಬಿಡಿಸಿದ ಹರವಿಗಳಲ್ಲಿ ಮೂಳೆಗಳನ್ನಿಟ್ಟರು. ಒಬ್ಬರನ್ನೊಬ್ಬರು ಕಂಡರಿಯದ ಜನ!

ಆದ್ದರಿಂದ ಪೋಷಕರಲ್ಲಿ ನನ್ನದೊಂದು ಪ್ರಾರ್ಥನೆ. ಬಾವಿ, ಪಾಯ, ಹೊಲ ಅಗೆಯುವಾಗ ಹರವಿಯೋ ಕಲ್ಗೋರಿಯೋ ಕಂಡರೆ ಕೆಲಸವನ್ನು ನಿಲ್ಲಿಸಿ, ಗ್ರಾಮಾಡಳಿತ ಅಧಿಕಾರಿಗೋ ತಹಸೀಲ್ದಾರರಿಗೋ ತಿಳಿಸಿರಿ. ನಿಧಿಯ ಆಸೆಗೆ ಒಡೆಯಬೇಡಿರಿ. ಅಲ್ಲಿರುವುದು ಹೊನ್ನಲ್ಲ, ಯಾರದೋ ಮನೆಯ ಹಿರಿಯರು. ಹಾಲು-ತುಪ್ಪದ ದಿನ ನಾವು ಆರಿಸಿ ತರುವ ಅಸ್ಥಿಯನ್ನು ಯಾರಾದರೂ ತುಳಿದರೆ ಸಹಿಸುವೆವೇ?

ಆ ಹುಡುಗ ಅಂದು ನನ್ನ ಮಾತನ್ನು ಕೇಳಿರಲಿಲ್ಲ. ಚೂರನ್ನು ಎಸೆಯದೆ ಮನೆಯ ಅಟ್ಟದ ಮೇಲೆ ಅಡಗಿಸಿಟ್ಟಿದ್ದ. ಈಗ ಕಾಲೇಜು ಓದುತ್ತಿರುವ ಅವನು ಕಳೆದ ವಾರ ಅದನ್ನು ತಂದುಕೊಟ್ಟಿದ್ದಾನೆ. ಇಂದು ಏಳನೆಯ ತರಗತಿಯ ಕೋಣೆಯಲ್ಲಿ ಇಟ್ಟಿದ್ದೇವೆ. ಸೋಮವಾರ ಕೃಷ್ಣಗಿರಿಗೆ ಕೊಂಡೊಯ್ಯುತ್ತೇವೆ. ಊಟಕ್ಕೆ ಮುನ್ನ ಎಲ್ಲರೂ ಬಂದು ನೋಡಿರಿ.