ಏಳು ಕೊಂಡಿಯ ಸರಪಳಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಓದಿ ಈಗ ಗಣಿತ ಮೇಷ್ಟ್ರಾಗಿದ್ದೇನೆ. ಊರಿಗೆ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇನೆ: "ನಮ್ಮ ಹುಡುಗಿಗೆ ಲೆಕ್ಕ ತಲೆಗೆ ಹತ್ತಲ್ಲ ಮೇಷ್ಟ್ರೇ, ಶಾಲೆ ಬಿಡಿಸ್ತೀವಿ." ಬಿಡಿಸುವ ಮೊದಲು ಸರಪಳಿಯ ಈ ಹಳೆಯ ಲೆಕ್ಕವನ್ನು ಕೇಳಿ.

ನಿಮ್ಮ ಬಳಿ ಏಳು ಕೊಂಡಿಗಳ ಬೆಳ್ಳಿ ಸರಪಳಿ ಇದೆ. ಆಳಿಗೆ ಏಳು ದಿನ ಕೆಲಸ, ದಿನಕ್ಕೆ ಒಂದು ಕೊಂಡಿ ಕೂಲಿ. ಅಂದಿನ ಕೂಲಿ ಅಂದೇ ಸಲ್ಲಬೇಕು. ಮುಂಗಡವಿಲ್ಲ, ಬಾಕಿಯೂ ಇಲ್ಲ. ಆದರೆ ಒಂದೇ ಕೊಂಡಿಯನ್ನು ಬಿಚ್ಚಬಹುದು. ಹೇಗೆ?

ಮೂರನೆಯ ಕೊಂಡಿ ಬಿಚ್ಚಿ. ಒಂದರ, ಎರಡರ, ನಾಲ್ಕರ ತುಂಡುಗಳು ಸಿಗುತ್ತವೆ. ಮೊದಲ ದಿನ ಒಂದನ್ನು ಕೊಡಿ. ಎರಡನೆಯ ದಿನ ಎರಡರ ತುಂಡು ಕೊಟ್ಟು ಒಂದನ್ನು ವಾಪಸು ಪಡೆಯಿರಿ. ಮೂರನೆಯ ದಿನ ಆ ಒಂದನ್ನೂ ಕೊಡಿ. ನಾಲ್ಕನೆಯ ದಿನ ನಾಲ್ಕರ ತುಂಡು ಕೊಟ್ಟು ಉಳಿದೆರಡನ್ನೂ ವಾಪಸು ಪಡೆಯಿರಿ. ಮುಂದಿನ ಮೂರು ದಿನ ಮೊದಲ ಮೂರು ದಿನಗಳಂತೆಯೇ.

ಇದು ತಕ್ಕಡಿಯ ಲೆಕ್ಕವೂ ಹೌದು. 1, 2, 4 ಕಿಲೋದ ಮೂರೇ ಕಲ್ಲಿದ್ದರೆ 1ರಿಂದ 7 ಕಿಲೋವರೆಗೆ ತೂಗಬಹುದು. ಕಂಪ್ಯೂಟರಿನ ಲೆಕ್ಕವೂ ಇದೇ. ತುಂಡು ಆಳಿನ ಕೈಯಲ್ಲಿದ್ದರೆ 1, ಇಲ್ಲದಿದ್ದರೆ 0. ಐದನೆಯ ದಿನ ನಾಲ್ಕರದು ಇದೆ, ಎರಡರದು ಇಲ್ಲ, ಒಂದರದು ಇದೆ: 101. ಕಂಪ್ಯೂಟರು ಐದನ್ನು ಬರೆಯುವುದೇ ಹೀಗೆ.

ಎರಡು ಕೊಂಡಿ ಬಿಚ್ಚಬಹುದಾದರೆ? ಬಿಡಿ ಕೊಂಡಿ ಎರಡು. ಎರಡು ದಿನ ಸಾಗುತ್ತದೆ. ಮೂರನೆಯ ದಿನಕ್ಕೆ ಮೂರರ ತುಂಡು ಬೇಕು. ಈಗ ಐದು ದಿನ ಸಾಗುವುದರಿಂದ ಮುಂದಿನದು ಆರರದು. ಆಗ ಹನ್ನೊಂದು ದಿನ, ಮುಂದಿನದು ಹನ್ನೆರಡರದು. ಒಟ್ಟು 23. ಆ ಸರಪಳಿಯ 4ನೆಯ ಮತ್ತು 11ನೆಯ ಕೊಂಡಿ ಬಿಚ್ಚಿದರೆ ಸಾಕು. ಮೂರು ಕೊಂಡಿ ಬಿಚ್ಚಿದರೆ 63 ದಿನ. ಹೇಗೆಂದು ಮಕ್ಕಳೇ, ನೀವು ಹೇಳಿ.

ಇದಕ್ಕೆ ಬೆಳ್ಳಿ ಬೇಕಿಲ್ಲ. ಆಗಸ್ಟ್ 15ಕ್ಕೆ ಕಟ್ಟುವ ಬಣ್ಣದ ಕಾಗದದ ಸರ, ಒಂದು ಕತ್ತರಿ ಸಾಕು. ಬೋರ್ಡಿನ ಮುಂದೆ ಬಾಯಿ ಬಿಡದ ಮಕ್ಕಳು ನೆಲದ ಮೇಲೆ ಕೂತು ಇದನ್ನು ಬಿಡಿಸುವುದನ್ನು ನನ್ನ ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸೂತ್ರ ಆಮೇಲೆ ತಾನಾಗಿ ಬರುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಊರಿಗೆ ಬಂದಾಗ ಈ ಮಕ್ಕಳ ಜೊತೆ ಒಂದು ಗಂಟೆ ಕೂತು ಲೆಕ್ಕ ಮಾಡಿ. ತಂದೆತಾಯಂದಿರಲ್ಲಿ ಇನ್ನೊಂದು: ಮಗಳಿಗೆ ಲೆಕ್ಕ ಬರುವುದಿಲ್ಲ ಎನ್ನುವ ಮೊದಲು ಅವಳ ಕೈಗೊಂದು ಸರಪಳಿ ಕೊಟ್ಟು ನೋಡಿ. ಶಾಲೆ ಮಾತ್ರ ಬಿಡಿಸಬೇಡಿ.